ಸಾರ್ಟ್ ಆದ ಫೈಲಿಗೇ ‘ಸೀಕ್ವೆನ್ಸ್ ತಪ್ಪಿದೆ’ ಅಂತ ಮೆಸೇಜ್! ಗೆಟ್ ಲೊಕೇಟ್ ಮೋಡ್ ಗೊತ್ತಿರುವವರು ನೋಡಿ

ಹಾಸನದಿಂದ_ಲಾಗಿನ್

ಎಲ್ಲರಿಗೂ ನಮಸ್ಕಾರ. ನಾನು ಹಾಸನದ ಮನೆಯಿಂದಲೇ ಮೇನ್‌ಫ್ರೇಮ್ ಸಪೋರ್ಟ್ ಕೆಲಸ ಮಾಡುತ್ತೇನೆ. ಕೋಬಾಲ್ ಚೆನ್ನಾಗಿ ರೂಢಿ ಇದೆ. ಅಸೆಂಬ್ಲರ್ ಕೈಗೆ ಬಂದಿದ್ದು ಇತ್ತೀಚೆಗೆ.

ಒಂದು ಹಳೆಯ ಬ್ಯಾಚ್ ಪ್ರೋಗ್ರಾಮ್ ಇದೆ. ದಿನದ ಟ್ರಾನ್ಸಾಕ್ಷನ್ ಫೈಲನ್ನು ಅಕೌಂಟ್ ನಂಬರಿನ ಪ್ರಕಾರ ಸಾರ್ಟ್ ಮಾಡಿ ಅದಕ್ಕೆ ಕೊಡುತ್ತೇವೆ. ಅದು ಒಂದೊಂದೇ ರೆಕಾರ್ಡ್ ಓದುತ್ತದೆ. ಆ ಅಕೌಂಟ್ ವಿಸ್ಯಾಮ್ ಮಾಸ್ಟರ್‌ನಲ್ಲಿ (ಎಲ್ಲ ಅಕೌಂಟುಗಳೂ ಇರುವ, ನಂಬರ್ ಕೊಟ್ಟು ಹುಡುಕುವ ಫೈಲ್) ಇದೆಯಾ ಅಂತ ಹುಡುಕುತ್ತದೆ. ಆಮೇಲೆ ಹಿಂದಿನ ರೆಕಾರ್ಡಿನ ಅಕೌಂಟ್ ಜೊತೆ ಹೋಲಿಸುತ್ತದೆ. ನಂಬರ್ ಬದಲಾಗಿದ್ದರೆ ಹಿಂದಿನ ಅಕೌಂಟಿನ ಟೋಟಲ್ ಬರೆಯುತ್ತದೆ. ಹೊಸ ನಂಬರ್ ಹಿಂದಿನದಕ್ಕಿಂತ ಚಿಕ್ಕದಿದ್ದರೆ ‘ಸೀಕ್ವೆನ್ಸ್ ತಪ್ಪಿದೆ’ ಅಂತ ಮೆಸೇಜ್ ಕೊಟ್ಟು ಜಾಬ್ ನಿಲ್ಲಿಸುತ್ತದೆ.

ಈಗ ಸರಿಯಾಗಿ ಸಾರ್ಟ್ ಆದ ಫೈಲಿಗೇ ಈ ಮೆಸೇಜ್ ಬರುತ್ತಿದೆ. ಫೈಲ್ ತೆರೆದು ಆ ಜಾಗ ನೋಡಿದರೆ ಕ್ರಮ ಸರಿಯಾಗಿಯೇ ಇದೆ. ಅದೇ ಫೈಲ್ ಇಟ್ಟುಕೊಂಡು ಅದೇ ಜಾಬನ್ನು ಮತ್ತೆ ಓಡಿಸಿದರೆ ಒಮ್ಮೊಮ್ಮೆ ಏನೂ ಆಗದೆ ಮುಗಿಯುತ್ತದೆ. ಟೆಸ್ಟ್‌ನಲ್ಲಂತೂ ಒಂದು ಸಲವೂ ಬಂದಿಲ್ಲ.

ಕೋಡ್ ಹೀಗಿದೆ. ಡಿಸಿಬಿಯಲ್ಲಿ (ಪ್ರೋಗ್ರಾಮಿನೊಳಗೆ ಫೈಲಿನ ವಿವರ ಇರುವ ಜಾಗ) ಮ್ಯಾಕ್‌ಆರ್‌ಎಫ್ ಜಿಎಲ್, ಅಂದರೆ ಗೆಟ್ ಲೊಕೇಟ್. ಗೆಟ್ ಅಂದರೆ ಒಂದು ರೆಕಾರ್ಡ್ ಓದುವ ಆದೇಶ. ರಿಜಿಸ್ಟರ್ 5ರಲ್ಲಿ ಈಗಿನ ರೆಕಾರ್ಡಿನ ಅಡ್ರೆಸ್, 4ರಲ್ಲಿ ಹಿಂದಿನದು. ಪ್ರತಿ ಗೆಟ್‌ಗೆ ಮೊದಲು 5ನ್ನು 4ಕ್ಕೆ ಎಲ್‌ಆರ್ (ರಿಜಿಸ್ಟರಿನಿಂದ ರಿಜಿಸ್ಟರಿಗೆ ಕಾಪಿ) ಮಾಡುತ್ತದೆ. ಗೆಟ್ ಆದ ಮೇಲೆ 1ನ್ನು 5ಕ್ಕೆ ಹಾಕಿಕೊಳ್ಳುತ್ತದೆ. ಮೇಲಿನ ಕಾಮೆಂಟ್ ಪ್ರಕಾರ ಮೊದಲು ಮೂವ್ ಮೋಡ್ ಇತ್ತಂತೆ, ವೇಗಕ್ಕಾಗಿ ಲೊಕೇಟ್‌ಗೆ ಬದಲಿಸಿದ್ದಾರೆ.

ಸಾರ್ಟ್ ಮೇಲೆ ಅನುಮಾನ ಪಡಬೇಕಾ, ವಿಸ್ಯಾಮ್ ಮೇಲೆ ಪಡಬೇಕಾ?

ಅರಸೀಕೆರೆ_ಜಂಕ್ಷನ್

ಎಲ್‌ರೆಕ್ಲ್, ಅಂದರೆ ಒಂದು ರೆಕಾರ್ಡಿನ ಉದ್ದ, ಎಷ್ಟು? ಬ್ಲಾಕ್‌ಸೈಜ್, ಅಂದರೆ ಒಟ್ಟಿಗೆ ಓದುವ ರೆಕಾರ್ಡುಗಳ ಗುಂಪಿನ ಗಾತ್ರ, ಎಷ್ಟು? ಟೆಸ್ಟ್ ಫೈಲಿನಲ್ಲಿ ಎಷ್ಟು ರೆಕಾರ್ಡ್ ಇವೆ?

ಹಾಸನದಿಂದ_ಲಾಗಿನ್

ಎಫ್‌ಬಿ (ಎಲ್ಲ ರೆಕಾರ್ಡೂ ಒಂದೇ ಉದ್ದ), ಎಲ್‌ರೆಕ್ಲ್ 80, ಬ್ಲಾಕ್‌ಸೈಜ್ 27920. ಟೆಸ್ಟ್ ಫೈಲಿನಲ್ಲಿ 200 ರೆಕಾರ್ಡ್. ಪ್ರೊಡಕ್ಷನ್ ಫೈಲ್ ಲಕ್ಷಗಳಲ್ಲಿ.

ಅರಸೀಕೆರೆ_ಜಂಕ್ಷನ್

ಹಾಗಾದರೆ ಸಾರ್ಟ್ ಬಿಡಿ, ವಿಸ್ಯಾಮ್ ಕೂಡ ಬಿಡಿ. 27920ನ್ನು 80ರಿಂದ ಭಾಗಿಸಿದರೆ 349. ಒಂದು ಬ್ಲಾಕಿನಲ್ಲಿ 349 ರೆಕಾರ್ಡ್. ನಿಮ್ಮ ಟೆಸ್ಟ್ ಫೈಲ್ ಪೂರ್ತಿ ಒಂದೇ ಬ್ಲಾಕಿನೊಳಗೆ ಕೂತಿದೆ. ಟೆಸ್ಟ್‌ನಲ್ಲಿ ಬ್ಲಾಕ್ ಗಡಿ ದಾಟಿದ್ದೇ ಇಲ್ಲ.

ಮಳೆಗಾಲ

ಓಹ್, ಇದು ಆಸಕ್ತಿ ಹುಟ್ಟಿಸುವ ಬಗ್. ಕಾಫಿಕಣ ಸರ್ ಬರಲಿ, ಅವರು ಬಿಡಿಸಿ ಹೇಳುತ್ತಾರೆ.

ಬೇಲೂರು_ಬಸ್

ಬಫ್‌ನೋ, ಅಂದರೆ ಓದಿದ ಬ್ಲಾಕ್ ಬಂದು ಕೂರುವ ಬಫರುಗಳ ಸಂಖ್ಯೆ, ಜಾಸ್ತಿ ಮಾಡಿ. ಕ್ಯೂಸ್ಯಾಮ್‌ಗೆ (ಗೆಟ್ ಕೇಳಿದಾಗ ಫೈಲ್ ಓದಿ ಕೊಡುವ ಸಿಸ್ಟಮ್ ಭಾಗ) ಡೀಫಾಲ್ಟ್ 5 ಬಫರ್ ಅಷ್ಟೇ. ಜೆಸಿಎಲ್‌ನಲ್ಲಿ (ಜಾಬ್ ಓಡಿಸಲು ಕೊಡುವ ಆದೇಶಗಳು) ಬಫ್‌ನೋ 30 ಕೊಡಿ. ಕೋಡ್ ಮುಟ್ಟುವುದೇ ಬೇಡ, ಮೆಸೇಜ್ ನಿಲ್ಲುತ್ತದೆ.

ಕಾಫಿಕಣ

ಬೇಲೂರು_ಬಸ್, ದಯವಿಟ್ಟು ಈ ಹುಡುಗಿಗೆ ಆ ದಾರಿ ತೋರಿಸಬೇಡಿ. ಅದು ಬಗ್ಗನ್ನು ಮುಚ್ಚಿಡುತ್ತದೆ, ತೆಗೆಯುವುದಿಲ್ಲ.

ಮಗಳೇ, ನಿನ್ನ ಪ್ರೋಗ್ರಾಮಿನಲ್ಲಿ ಏನಾಗುತ್ತಿದೆ ಅಂತ ಹೇಳುತ್ತೇನೆ, ನಿಧಾನವಾಗಿ ಓದು. ಮೂವ್ ಮೋಡ್‌ನಲ್ಲಿ ಗೆಟ್ ಮಾಡಿದರೆ ಸಿಸ್ಟಮ್ ರೆಕಾರ್ಡನ್ನು ತನ್ನ ಬಫರಿನಿಂದ ನಿನ್ನ ವರ್ಕ್ ಏರಿಯಾಗೆ ಕಾಪಿ ಮಾಡಿ ಕೊಡುತ್ತದೆ. ಅದು ನಿನ್ನದು. ಎಷ್ಟು ಹೊತ್ತು ಬೇಕಾದರೂ ಇಟ್ಟುಕೊಳ್ಳಬಹುದು. ಲೊಕೇಟ್ ಮೋಡ್‌ನಲ್ಲಿ ಕಾಪಿ ಇಲ್ಲ. ರೆಕಾರ್ಡ್ ಬಫರಿನಲ್ಲಿ ಎಲ್ಲಿದೆ ಅನ್ನುವ ಅಡ್ರೆಸ್ ಮಾತ್ರ ರಿಜಿಸ್ಟರ್ 1ರಲ್ಲಿ ಬರುತ್ತದೆ. ಆ ಅಡ್ರೆಸ್ ಮುಂದಿನ ಗೆಟ್‌ವರೆಗೆ ಮಾತ್ರ ನಂಬಬೇಕಾದದ್ದು.

ಒಂದೇ ಬ್ಲಾಕಿನೊಳಗೆ ಇರುವಾಗ ಹಿಂದಿನ ರೆಕಾರ್ಡ್ ಪಕ್ಕದಲ್ಲೇ, 80 ಬೈಟ್ ಹಿಂದೆ ಇರುತ್ತದೆ. ಹಾಗಾಗಿ ನಿನ್ನ ರಿಜಿಸ್ಟರ್ 4 ಸರಿಯಾಗಿಯೇ ಕಾಣುತ್ತದೆ. 349ನೇ ರೆಕಾರ್ಡ್ ಮುಗಿಸಿ 350ಕ್ಕೆ ಗೆಟ್ ಮಾಡಿದಾಗ ಆ ಬಫರ್ ಖಾಲಿ ಅಂತ ಕ್ಯೂಸ್ಯಾಮ್ ಅದನ್ನು ವಾಪಸ್ ತೆಗೆದುಕೊಳ್ಳುತ್ತದೆ. ಮುಂದಿನ ಯಾವುದೋ ಬ್ಲಾಕನ್ನು ಅದರೊಳಗೆ ಓದಲು ಹಾಕುತ್ತದೆ. ನೀನು ಅಷ್ಟರಲ್ಲಿ ವಿಸ್ಯಾಮ್ ಹುಡುಕಾಟಕ್ಕೆ ಹೋಗಿರುತ್ತೀಯ. ವಾಪಸ್ ಬರುವ ಹೊತ್ತಿಗೆ ಓದು ಮುಗಿದಿದ್ದರೆ ನಿನ್ನ ‘ಹಿಂದಿನ ರೆಕಾರ್ಡ್’ ಜಾಗದಲ್ಲಿ ಬೇರೆಯೇ ರೆಕಾರ್ಡ್ ಕೂತಿರುತ್ತದೆ.

ನಮ್ಮ ಚಿಕ್ಕಮಗಳೂರಿನ ಕ್ಯೂರಿಂಗ್ ವರ್ಕ್ಸ್ ಮುಂದೆ ಲಾರಿ ಮೇಲೆಯೇ ಚೀಲ ತೋರಿಸಿ ‘ಇದೇ ನಿಮ್ಮದು, ಮೂಲೆಯಲ್ಲಿರುವುದು’ ಅಂದ ಹಾಗೆ ಇದು. ಲಾರಿ ಹೋಗಿ ಇನ್ನೊಂದು ಎಸ್ಟೇಟಿನ ಲೋಡ್ ತುಂಬಿಕೊಂಡು ಬಂದರೆ ಮೂಲೆ ಅದೇ, ಚೀಲ ಬೇರೆ.

ಈಗ ಮುಖ್ಯವಾದ ಮಾತು. 5 ಬಫರ್ ಸುತ್ತುತ್ತಾ ಇರುತ್ತವೆ. ಒಂದನೇ ಬ್ಲಾಕ್ ಇದ್ದ ಬಫರಿಗೆ ಆಮೇಲೆ ಬರುವುದು ಆರನೇ ಬ್ಲಾಕ್. ಅಂದರೆ 349ನೇ ರೆಕಾರ್ಡಿನ ಜಾಗದಲ್ಲಿ 2094ನೇ ರೆಕಾರ್ಡ್ ಬಂದು ಕೂರುತ್ತದೆ. ಫೈಲ್ ಸಾರ್ಟ್ ಆಗಿದೆ. ಹಾಗಾಗಿ 2094ರ ಅಕೌಂಟ್ ನಂಬರ್ 350ರದ್ದಕ್ಕಿಂತ ದೊಡ್ಡದು. ನಿನ್ನ ಪ್ರೋಗ್ರಾಮಿಗೆ ಹಿಂದಿನದು ದೊಡ್ಡದು, ಈಗಿನದು ಚಿಕ್ಕದು ಅಂತ ಕಾಣುತ್ತದೆ. ಸೀಕ್ವೆನ್ಸ್ ತಪ್ಪಿದೆ ಅನ್ನದೆ ಅದು ಇನ್ನೇನು ಅನ್ನಬೇಕು?

ಜಾಬ್ ನಿಂತಾಗ ರಿಜಿಸ್ಟರ್ 4 ತೋರಿಸುತ್ತಿರುವ ರೆಕಾರ್ಡನ್ನು ಡಂಪ್‌ನಲ್ಲಿ (ಆ ಹೊತ್ತಿನ ಮೆಮೊರಿಯ ಪ್ರತಿ) ನೋಡು. ಅದು ಫೈಲಿನಲ್ಲಿ ಎಲ್ಲಿದೆ ಅಂತ ಹುಡುಕು. 1745 ರೆಕಾರ್ಡ್ ಮುಂದೆ ಸಿಗಬೇಕು.

ಮಳೆಗಾಲ

ಮುಂದೆ ಬರಬೇಕಾದ ರೆಕಾರ್ಡ್ ಹಿಂದಿನ ರೆಕಾರ್ಡಿನ ಜಾಗದಲ್ಲಿ! ಮೈ ಜುಮ್ ಅಂತು ಸರ್.

ಎಂಟನೇ_ಸೆಮ್

ಸರ್, ಒಂದು ಪ್ರಶ್ನೆ. ನಾನು ಚಿಕ್ಕಮಗಳೂರಿನಲ್ಲಿ ಎಂಜಿನಿಯರಿಂಗ್ ಕೊನೆ ಸೆಮಿಸ್ಟರ್. ಪ್ರತಿ ಬ್ಲಾಕ್ ಗಡಿಯಲ್ಲೂ ಹೀಗೆ ಆಗಬೇಕಲ್ವಾ? ಅಕ್ಕ ಒಮ್ಮೊಮ್ಮೆ ಮಾತ್ರ ಅನ್ನುತ್ತಿದ್ದಾರೆ.

ಕಾಫಿಕಣ

ಒಳ್ಳೆಯ ಪ್ರಶ್ನೆ. ಗೆಟ್ ಮುಗಿದ ಮರುಕ್ಷಣವೇ ಡೇಟಾ ಅಳಿಸಿಹೋಗುವುದಿಲ್ಲ. ಡಿಸ್ಕಿನಿಂದ ಓದಿ ಬರಲು ಸಮಯ ಬೇಕು. ಸಿಪಿಯು ಹೋಲಿಕೆ ಮಾಡುವುದು ಅದಕ್ಕಿಂತ ಎಷ್ಟೋ ಬೇಗ. ಗೆಟ್ ಆದ ತಕ್ಷಣ ಸಿಎಲ್‌ಸಿ (ಹೋಲಿಸುವ ಆದೇಶ) ಮಾಡಿದ್ದರೆ ವರ್ಷಗಟ್ಟಲೆ ಈ ಬಗ್ ಕಾಣದೇ ಇರಬಹುದಿತ್ತು. ಇಲ್ಲಿ ಮಧ್ಯೆ ವಿಸ್ಯಾಮ್ ಓದು ಬಂದು ಸಮಯ ಕೊಟ್ಟಿದೆ. ಜೊತೆಗೆ ಸಿಸ್ಟಮ್ ಕೆಲವು ಬಫರ್‌ಗಳನ್ನು ಒಟ್ಟಿಗೆ ಸೇರಿಸಿ ಓದಿಸುವುದೂ ಉಂಟು. ಆಗ ಓದು ಶುರುವಾಗುವುದೇ ತಡ. ಮಷೀನ್ ಮೇಲೆ ಆ ರಾತ್ರಿ ಎಷ್ಟು ಲೋಡ್ ಇತ್ತು ಅನ್ನುವುದರ ಮೇಲೂ ಹೋಗುತ್ತದೆ. ಅದಕ್ಕೇ ಇವತ್ತು ಬರುತ್ತದೆ, ನಾಳೆ ಬರುವುದಿಲ್ಲ.

ಬೇಲೂರು_ಬಸ್

ಸರ್, ಗೌರವ ಇಟ್ಟೇ ಹೇಳುತ್ತೇನೆ. 30 ಬಫರ್ ಕೊಟ್ಟರೆ ಖಾಲಿ ಆದ ಬಫರ್ ಮತ್ತೆ ತುಂಬುವುದಕ್ಕೆ ತುಂಬಾ ಹೊತ್ತು ಬೇಕು. ಪ್ರೊಡಕ್ಷನ್‌ನಲ್ಲಿ ರಾತ್ರಿ 2 ಗಂಟೆಗೆ ಜಾಬ್ ನಿಂತಾಗ ಕೋಡ್ ಬದಲಿಸಿ, ಅನುಮತಿ ತೆಗೆದುಕೊಂಡು, ಟೆಸ್ಟ್ ಮಾಡಿ ಅಂತ ಕೂರಲು ಆಗುತ್ತದಾ? ಜೆಸಿಎಲ್ ಬದಲಾವಣೆ ಐದು ನಿಮಿಷದ ಕೆಲಸ.

ಅಸೆಂಬ್ಲರ್_ಅಕ್ಕ

ತುಂಬುವುದಕ್ಕೆ ಹೊತ್ತು ಬೇಕು ಅಂತ ಯಾರು ಹೇಳಿದರು? ಖಾಲಿ ಆದ ಬಫರಿಗೆ ಓದು ಯಾವಾಗ ಶುರುವಾಗುತ್ತದೆ ಅನ್ನುವುದು ಸಿಸ್ಟಮ್‌ನ ಇಷ್ಟ. ಮ್ಯಾನುಯಲ್ ನಮಗೆ ಯಾವ ಭರವಸೆಯನ್ನೂ ಕೊಟ್ಟಿಲ್ಲ.

ಇನ್ನೂ ಕೆಟ್ಟದ್ದು ಕೇಳಿ. ಸೀಕ್ವೆನ್ಸ್ ಮೆಸೇಜ್ ಬಂದು ಜಾಬ್ ನಿಂತರೆ ಅದು ಪುಣ್ಯ. ಆ ಚೆಕ್ ಇಲ್ಲದ ಪ್ರೋಗ್ರಾಮ್ ಆಗಿದ್ದರೆ ಒಬ್ಬರ ಅಕೌಂಟಿನ ಟೋಟಲ್ ಇನ್ನೊಬ್ಬರ ನಂಬರಿಗೆ ಬರೆದು ತಣ್ಣಗೆ ಮುಗಿಸುತ್ತಿತ್ತು. ಹಣದ ಲೆಕ್ಕದ ಪ್ರೋಗ್ರಾಮಿಗೆ ಇಂಥ ತೇಪೆ ಹಾಕುವುದನ್ನು ನಾನು ಒಪ್ಪುವುದಿಲ್ಲ.

ಹಾಸನದಿಂದ_ಲಾಗಿನ್, ಸರಿಪಡಿಸುವುದು ಸುಲಭ. ಗೆಟ್‌ಗೆ ಮೊದಲು ಆ ಎಲ್‌ಆರ್ ತೆಗೆದುಬಿಡಿ. ಅದರ ಜಾಗದಲ್ಲಿ ಒಂದು ಎಂವಿಸಿ ಹಾಕಿ ಅಕೌಂಟ್ ನಂಬರನ್ನು ನಿಮ್ಮ ಸ್ವಂತ ಸ್ಟೋರೇಜಿಗೆ ಕಾಪಿ ಮಾಡಿ. ಟೋಟಲ್ ಬರೆಯಲು ಹಿಂದಿನ ರೆಕಾರ್ಡಿನ ಬೇರೆ ಫೀಲ್ಡ್ ಬೇಕಿದ್ದರೆ 80 ಬೈಟ್ ಪೂರ್ತಿ ಕಾಪಿ ಮಾಡಿ. ಎಂವಿಸಿ ಒಂದೇ ಸಲಕ್ಕೆ 256 ಬೈಟ್‌ವರೆಗೆ ಮಾಡುತ್ತದೆ. ರಿಜಿಸ್ಟರ್ 4ನ್ನು ಎಲ್ಲೆಲ್ಲಿ ಬಳಸಿದ್ದಾರೋ ಅಲ್ಲೆಲ್ಲ ಹೊಸ ಜಾಗ ನೋಡುವ ಹಾಗೆ ಬದಲಿಸಿ.

ಅರಸೀಕೆರೆ_ಜಂಕ್ಷನ್

ಅಥವಾ ಮೂವ್ ಮೋಡ್‌ಗೇ ವಾಪಸ್ ಹೋಗಿ. ಎರಡು ವರ್ಕ್ ಏರಿಯಾ ಇಟ್ಟುಕೊಂಡು ಒಂದು ಸಲ ಇದಕ್ಕೆ, ಒಂದು ಸಲ ಅದಕ್ಕೆ ಗೆಟ್ ಮಾಡಿದರೆ ಆಯಿತು. ಮೂಲ ಪ್ರೋಗ್ರಾಮ್ ಬರೆದವರು ಹಾಗೆ ಮಾಡಿರಬೇಕು.

ಬೇಲೂರು_ಬಸ್

ಲಕ್ಷಾಂತರ ರೆಕಾರ್ಡಿಗೆ ಪ್ರತಿ ಸಲ ಕಾಪಿ ಮಾಡಿದರೆ ಸಿಪಿಯು ಬಿಲ್ ಯಾರು ಕಟ್ಟುತ್ತಾರೆ? ಲೊಕೇಟ್ ಇರುವುದೇ ಆ ಕಾಪಿ ಉಳಿಸುವುದಕ್ಕೆ. ಅದನ್ನು ತೆಗೆದ ಮೇಲೆ ಲೊಕೇಟ್ ಯಾಕೆ?

ಅಸೆಂಬ್ಲರ್_ಅಕ್ಕ

80 ಬೈಟ್ ಎಂವಿಸಿ ಇವತ್ತಿನ ಮಷೀನಿಗೆ ಒಂದು ಖರ್ಚೇ ಅಲ್ಲ. ಅದೇ ಪ್ರೋಗ್ರಾಮ್ ಪ್ರತಿ ರೆಕಾರ್ಡಿಗೂ ವಿಸ್ಯಾಮ್ ಓದುತ್ತಿದೆ. ಒಂದೇ ಅಕೌಂಟಿನ ಹತ್ತು ಟ್ರಾನ್ಸಾಕ್ಷನ್ ಬಂದರೆ ಹತ್ತು ಸಲ ಮಾಸ್ಟರ್ ಹುಡುಕುತ್ತದೆ. ಅಕೌಂಟ್ ಬದಲಾದಾಗ ಮಾತ್ರ ಹುಡುಕಿದರೆ ಉಳಿಯುವ ಸಮಯದ ಮುಂದೆ ಈ ಕಾಪಿ ಲೆಕ್ಕಕ್ಕೇ ಬರುವುದಿಲ್ಲ. ವೇಗ ಬೇಕಿದ್ದರೆ ಅಲ್ಲಿ ಕೈ ಹಾಕಬೇಕಿತ್ತು.

ಕಾಫಿಕಣ

ಸೀಕ್ವೆನ್ಷಿಯಲ್ ಫೈಲಿನಲ್ಲಿ ನಿಜವಾದ ಖರ್ಚು ಡಿಸ್ಕಿನದ್ದು, ಅದಕ್ಕೆ ಉತ್ತರ ಬ್ಲಾಕ್‌ಸೈಜ್. 3390 ಡಿಸ್ಕಿನಲ್ಲಿ 80 ಬೈಟ್ ರೆಕಾರ್ಡನ್ನು ಬ್ಲಾಕ್ ಮಾಡದೆ ಇಟ್ಟರೆ ಒಂದು ಟ್ರ್ಯಾಕಿಗೆ 78 ಮಾತ್ರ ಹಿಡಿಯುತ್ತವೆ. ಉಳಿದ ಜಾಗ ಎಲ್ಲ ರೆಕಾರ್ಡುಗಳ ನಡುವಿನ ಅಂತರಕ್ಕೇ ಹೋಗುತ್ತದೆ. ಅದೇ 27920ರಂತೆ ಅರ್ಧ ಟ್ರ್ಯಾಕ್ ಬ್ಲಾಕ್ ಮಾಡಿದರೆ ಒಂದು ಟ್ರ್ಯಾಕಿಗೆ 698. ಈ ಫೈಲಿನಲ್ಲಿ ಅದು ಆಗಲೇ ಸರಿಯಾಗಿದೆ.

ಲೊಕೇಟ್ ಮೋಡ್ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ದೊಡ್ಡ ರೆಕಾರ್ಡ್ ಓದಿ ಅದರಲ್ಲಿ ಎರಡೇ ಫೀಲ್ಡ್ ನೋಡಿ ಬಿಡುವ ಪ್ರೋಗ್ರಾಮಿಗೆ ಅದೇ ಚೆಂದ. ಓದಿದ ರೆಕಾರ್ಡನ್ನೇ ತಿದ್ದಿ ಪುಟ್‌ಎಕ್ಸ್‌ನಿಂದ ಅದೇ ಜಾಗಕ್ಕೆ ಬರೆಯುವಾಗಲೂ ಲೊಕೇಟ್ ಬೇಕು. ಈ ಪ್ರೋಗ್ರಾಮಿಗೆ ಹಿಂದಿನ ರೆಕಾರ್ಡ್ ಬೇಕು. ಬೇಕಾದದ್ದನ್ನು ಮುಂದಿನ ಗೆಟ್‌ಗೆ ಮೊದಲೇ ತನ್ನದಾಗಿ ಮಾಡಿಕೊಳ್ಳಬೇಕು, ಅಷ್ಟೇ ನನ್ನ ವಾದ.

ಡಾಸ್_ಕಾಲದವ

ವಿಎಸ್‌ಇ (ಐಬಿಎಂನ ಇನ್ನೊಂದು ಮೇನ್‌ಫ್ರೇಮ್ ಸಿಸ್ಟಮ್) ಕಡೆಯಿಂದ ನನ್ನದೂ ಒಂದು ಮಾತು. ಅಲ್ಲಿ ಡಿಸಿಬಿ ಇಲ್ಲ, ಡಿಟಿಎಫ್‌ಎಸ್‌ಡಿ. ಎರಡು ಐಒ ಏರಿಯಾ ನಾವೇ ಕೊಡುತ್ತಿದ್ದೆವು, ಐಒರೆಗ್ ಅಂತ ಒಂದು ರಿಜಿಸ್ಟರ್ ಹೇಳುತ್ತಿದ್ದೆವು. ರೆಕಾರ್ಡಿನ ಅಡ್ರೆಸ್ ಅದರಲ್ಲಿ ಬರುತ್ತಿತ್ತು. ಅಲ್ಲೂ ಇದೇ ಕಥೆ. ಏರಿಯಾ ಬದಲಾದ ಮೇಲೆ ಹಳೆಯ ಅಡ್ರೆಸ್ ನಂಬಿದರೆ ಕೆಟ್ಟಿತು. ಅದಕ್ಕೇ ತುಂಬಾ ಜನ ವರ್ಕ್‌ಎ ಯೆಸ್ ಅಂತ ಕೊಟ್ಟು ತಮ್ಮ ಏರಿಯಾಗೇ ತರಿಸಿಕೊಳ್ಳುತ್ತಿದ್ದರು.

ಬಫರ್ ನಮ್ಮ ಪ್ರೋಗ್ರಾಮಿನೊಳಗೇ ಇದ್ದಿದ್ದರಿಂದ ಡಂಪ್‌ನಲ್ಲಿ ಎರಡೂ ಕಣ್ಣಿಗೆ ಬೀಳುತ್ತಿದ್ದವು. ಹುಡುಕುವುದು ಸುಲಭವಿತ್ತು.

ಕ್ಲೌಡ್_ಮಲೆನಾಡು

ನೇರವಾಗಿ ಕೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಇದನ್ನೆಲ್ಲ ಜಾವಾದಲ್ಲಿ ಹೊಸದಾಗಿ ಬರೆಯಬಾರದಾ? ಒಂದು ಸಾಲು ಓದಿ, ಹಿಂದಿನ ಸಾಲು ಒಂದು ವೇರಿಯಬಲ್‌ನಲ್ಲಿ ಇಟ್ಟುಕೊಂಡರೆ ಮುಗಿಯಿತು. ಬಫರ್, ರಿಜಿಸ್ಟರ್ ಯಾವ ತಲೆನೋವೂ ಇಲ್ಲ.

ಅಸೆಂಬ್ಲರ್_ಅಕ್ಕ

ಬೇಜಾರಿಲ್ಲ, ಆದರೆ ಉತ್ತರ ಕೊಡಲೇಬೇಕು. ಹೊಸದಾಗಿ ಬರೆಯಲು ಹಳೆಯದು ಏನು ಮಾಡುತ್ತದೆ ಅಂತ ಪೂರ್ತಿ ಗೊತ್ತಿರಬೇಕು. ಪ್ಯಾಕ್ಡ್ ಡೆಸಿಮಲ್‌ನಲ್ಲಿ (ಒಂದು ಬೈಟಿಗೆ ಎರಡು ಅಂಕಿ ಇಡುವ ರೀತಿ) ಕೊನೆಯ ಅರ್ಧ ಬೈಟ್ ಸಿ ಆದರೆ ಪ್ಲಸ್, ಡಿ ಆದರೆ ಮೈನಸ್. ಮೇನ್‌ಫ್ರೇಮಿನ ಅಕ್ಷರ ಕೋಡ್ ಎಬ್ಸಿಡಿಕ್‌ನಲ್ಲಿ ಅಕ್ಷರಗಳು ಅಂಕಿಗಳಿಗಿಂತ ಮೊದಲು ಬರುತ್ತವೆ, ಬೇರೆ ಕಡೆ ಬಳಸುವ ಆಸ್ಕಿಯಲ್ಲಿ ಅಂಕಿ ಮೊದಲು. ಅಕೌಂಟ್ ನಂಬರಿನಲ್ಲಿ ಅಕ್ಷರವೂ ಅಂಕಿಯೂ ಇದ್ದರೆ ಸಾರ್ಟ್ ಕ್ರಮವೇ ಬದಲಾಗಿ ಇದೇ ಸೀಕ್ವೆನ್ಸ್ ಮೆಸೇಜ್ ನಿಮಗೂ ಬರುತ್ತದೆ. ಇದನ್ನೆಲ್ಲ ತಿಳಿಯಲು ಯಾರಾದರೂ ಅಸೆಂಬ್ಲರ್ ಓದಲೇಬೇಕಲ್ಲ?

ಕ್ಲೌಡ್_ಮಲೆನಾಡು

ಅಕ್ಷರ ಮತ್ತು ಅಂಕಿಯ ಕ್ರಮದ ವಿಷಯ ಒಪ್ಪುತ್ತೇನೆ. ಆದರೂ ಹೊಸ ಹುಡುಗರು ಇದರಲ್ಲಿ ಕಾಲ ಕಳೆಯಬೇಕು ಅನ್ನುವುದನ್ನು ಒಪ್ಪುವುದಿಲ್ಲ.

ಎಂಟನೇ_ಸೆಮ್

ಅಣ್ಣ, ನಾನು ಹೊಸ ಹುಡುಗನೇ. ನನಗೆ ಇದು ಇಷ್ಟ ಆಗುತ್ತಿದೆ. ಮೂರು ವರ್ಷ ಓದಿದ ಆಪರೇಟಿಂಗ್ ಸಿಸ್ಟಮ್ ಪಾಠ ಇಲ್ಲಿ ಕಣ್ಣಿಗೆ ಕಾಣುತ್ತಿದೆ.

ಸರ್, ಮನೆಯಲ್ಲಿ ಇದನ್ನು ಮಾಡಿ ನೋಡಲು ಆಗುತ್ತದಾ? ನನ್ನ ಹತ್ತಿರ ಹಳೆಯ ಲ್ಯಾಪ್‌ಟಾಪ್ ಇದೆ ಅಷ್ಟೇ.

ಅರಸೀಕೆರೆ_ಜಂಕ್ಷನ್

ಧಾರಾಳವಾಗಿ. ಹರ್ಕ್ಯುಲಿಸ್ ಅಂತ ಎಮ್ಯುಲೇಟರ್ ಇದೆ, ಉಚಿತ. ಅದರ ಮೇಲೆ ಎಂವಿಎಸ್ 3.8ಜೆ ಅನ್ನುವ ಹಳೆಯ ಮೇನ್‌ಫ್ರೇಮ್ ಆಪರೇಟಿಂಗ್ ಸಿಸ್ಟಮ್ ಓಡುತ್ತದೆ. ಅದರಲ್ಲಿ ಐಫಾಕ್ಸ್00 ಅನ್ನುವ ಹಳೆಯ ಅಸೆಂಬ್ಲರ್ ಇದೆ. ಡಿಸಿಬಿ, ಓಪನ್, ಗೆಟ್, ಕ್ಲೋಸ್ ಎಲ್ಲ ಹೀಗೇ ಇರುತ್ತವೆ. ಹಳೆಯ ಲ್ಯಾಪ್‌ಟಾಪ್ ಸಾಕು. ಅದು 24 ಬಿಟ್ ಸಿಸ್ಟಮ್ ಅನ್ನುವುದು ನೆನಪಿರಲಿ. ಬ್ಲಾಕ್‌ಸೈಜ್ ಸೊನ್ನೆ ಕೊಟ್ಟರೆ ಸಿಸ್ಟಮ್ ತಾನೇ ಲೆಕ್ಕ ಹಾಕುವ ಸೌಲಭ್ಯ ಅಲ್ಲಿಲ್ಲ, ನೀನೇ ಕೊಡಬೇಕು. 3350 ಡಿಸ್ಕ್ ಬಳಸಿದರೆ ಒಂದು ಟ್ರ್ಯಾಕಿನಲ್ಲಿ ಹಿಡಿಯುವುದು 19069 ಬೈಟ್ ಮಾತ್ರ, 27920 ಅಲ್ಲಿ ನಡೆಯುವುದಿಲ್ಲ.

ಹೊಸ ಸಿಸ್ಟಮ್ ನೋಡಬೇಕಿದ್ದರೆ ಐಬಿಎಂ ಝಡ್ ಎಕ್ಸ್‌ಪ್ಲೋರ್‌ಗೆ ಸೇರಿಕೋ. ಅದೂ ಉಚಿತ.

ಕಾಫಿಕಣ

ಮಗು, ಈ ಬಗ್ಗನ್ನೇ ಬೇಕಂತ ಹುಟ್ಟಿಸಿ ನೋಡು. ಬ್ಲಾಕ್‌ಸೈಜ್ 800 ಕೊಡು, ಬ್ಲಾಕಿಗೆ 10 ರೆಕಾರ್ಡ್ ಆಗುತ್ತದೆ. ಬಫ್‌ನೋ 2. ರೆಕಾರ್ಡಿನಲ್ಲಿ 1, 2, 3 ಅಂತ ನಂಬರ್ ಹಾಕಿಡು. ಗೆಟ್ ಆದ ಮೇಲೆ, ಹೋಲಿಸುವುದಕ್ಕೆ ಮೊದಲು, ಎಸ್‌ಟೈಮರ್ ವೇಟ್ ಹಾಕಿ ಸ್ವಲ್ಪ ಕಾಯಿಸು. ಅಲ್ಲಿ ವಿಸ್ಯಾಮ್ ಹುಡುಕಾಟ ಕೊಟ್ಟ ಸಮಯವನ್ನು ಇಲ್ಲಿ ಅದು ಕೊಡುತ್ತದೆ.

ಮಳೆಗಾಲ

ಕರೆಂಟ್ ಇದ್ದರೆ ತಾನೇ. ನಮ್ಮ ಮೂಡಿಗೆರೆ ಕಡೆ ಜುಲೈನಲ್ಲಿ ಮರ ಬಿದ್ದು ಲೈನ್ ಹೋದರೆ ದಿನಗಟ್ಟಲೆ ಕತ್ತಲು. ಮನೆಯಿಂದ ಕೆಲಸ ಮಾಡುವವರು ಏನು ಮಾಡುತ್ತೀರಿ? ಹಾಸನ ಪರವಾಗಿಲ್ಲವಾ?

ಹಾಸನದಿಂದ_ಲಾಗಿನ್

ಹಾಸನ ಊರೊಳಗೆ ಅಷ್ಟು ಕಷ್ಟ ಇಲ್ಲ. ಯುಪಿಎಸ್ ಇದೆ. ಸಕಲೇಶಪುರದ ಅಜ್ಜಿ ಮನೆಗೆ ಹೋದಾಗ ಮಾತ್ರ ರಜೆ ಹಾಕಿಬಿಡುತ್ತೇನೆ.

ಅರಸೀಕೆರೆ_ಜಂಕ್ಷನ್

ಆಫೀಸಿಗೆ ಬಾ ಅಂದರೆ ಶ್ರವಣಬೆಳಗೊಳದ ಮೇಲಿನ ರೈಲು ಇದೆಯಲ್ಲ. 2017ರಲ್ಲಿ ಆ ಲೈನ್ ಶುರುವಾಗುವವರೆಗೆ ಹಾಸನದವರು ನಮ್ಮ ಅರಸೀಕೆರೆ ಇಲ್ಲವೇ ಮೈಸೂರು ಸುತ್ತಿಕೊಂಡೇ ಬೆಂಗಳೂರಿಗೆ ರೈಲಿನಲ್ಲಿ ಹೋಗಬೇಕಿತ್ತು.

ಬೇಲೂರು_ಬಸ್

ಚಿಕ್ಕಮಗಳೂರಿನವರು ಏನು ಮಾಡಬೇಕು ಅಂತ ಯಾರೂ ಕೇಳುವುದಿಲ್ಲ.

ಮಾಡರೇಟರ್

ರೈಲಿನ ಚರ್ಚೆಗೆ ಬೇರೆ ಜಾಗ ಇದೆ. ಇಲ್ಲಿ ವಿಷಯಕ್ಕೆ ಬನ್ನಿ.

ಅಸೆಂಬ್ಲರ್_ಅಕ್ಕ

ವಿಷಯಕ್ಕೇ ಬರುತ್ತೇನೆ. ಹಾಸನದಿಂದ_ಲಾಗಿನ್, ಫೈಲ್ ಮುಗಿದಾಗ ಏನು ಮಾಡುತ್ತದೆ ಅಂತ ನೋಡಿದ್ದೀರಾ? ಇಒಡಿಎಡಿ ರೊಟೀನ್ ಹೇಳುತ್ತಿದ್ದೇನೆ. ಕೊನೆಯ ಅಕೌಂಟಿನ ಟೋಟಲ್ ಅಲ್ಲೇ ಬರೆಯಬೇಕು. ಯಾಕೆಂದರೆ ಆಮೇಲೆ ‘ಅಕೌಂಟ್ ಬದಲಾಯಿತು’ ಅನ್ನಲು ಮುಂದಿನ ರೆಕಾರ್ಡೇ ಇಲ್ಲ. ಎಷ್ಟೋ ಪ್ರೋಗ್ರಾಮುಗಳಲ್ಲಿ ಇಒಡಿಎಡಿ ನೇರವಾಗಿ ಕ್ಲೋಸ್‌ಗೆ ಹೋಗಿ ಕೊನೆಯ ಅಕೌಂಟ್ ಕಾಣೆಯಾಗಿರುವುದನ್ನು ನೋಡಿದ್ದೇನೆ.

ಹಾಸನದಿಂದ_ಲಾಗಿನ್

ನೋಡಿದೆ ಅಕ್ಕ. ಬರೆಯುತ್ತದೆ. ಆದರೆ ಅಲ್ಲೂ ರಿಜಿಸ್ಟರ್ 4ನ್ನೇ ಬಳಸುತ್ತದೆ. ಅಲ್ಲಿ ತೊಂದರೆ ಆಗಿಲ್ಲ.

ಅಸೆಂಬ್ಲರ್_ಅಕ್ಕ

ಫೈಲ್ ಮುಗಿದ ಮೇಲೆ ಆ ಬಫರಿಗೆ ಓದಲು ಬೇರೆ ಬ್ಲಾಕ್ ಉಳಿದಿರುವುದಿಲ್ಲ. ಅದಕ್ಕೇ ಅಲ್ಲಿ ಬಚಾವಾಗಿದೆ. ಅದನ್ನೂ ನಿಮ್ಮ ಸ್ವಂತ ಏರಿಯಾಗೆ ಬದಲಿಸಿ.

ಜೊತೆಗೆ ಖಾಲಿ ಫೈಲ್ ಕೊಟ್ಟು ನೋಡಿ. ಮೊದಲ ಗೆಟ್‌ಗೇ ಇಒಡಿಎಡಿಗೆ ಹೋಗುತ್ತದೆ. ಆಗ ಹಿಂದಿನ ರೆಕಾರ್ಡ್ ಅನ್ನುವುದೇ ಇಲ್ಲ. ರಿಜಿಸ್ಟರ್ 4ರಲ್ಲಿ ಏನು ಕಸ ಇದೆಯೋ ಅದನ್ನು ಅಡ್ರೆಸ್ ಅಂದುಕೊಂಡರೆ ಎಸ್‌0ಸಿ4 (ಮುಟ್ಟಬಾರದ ಮೆಮೊರಿ ಮುಟ್ಟಿದ ದೋಷ) ಬರಬಹುದು, ಇಲ್ಲವೇ ಕಸವೇ ರಿಪೋರ್ಟಿನಲ್ಲಿ ಬರಬಹುದು. ಟೆಸ್ಟ್ ಮಾಡಲು ಖಾಲಿ ಫೈಲ್ ಹುಡುಕಬೇಕಿಲ್ಲ. ಡಿಡಿಯಲ್ಲಿ (ಜೆಸಿಎಲ್‌ನಲ್ಲಿ ಯಾವ ಫೈಲ್ ಅಂತ ಹೇಳುವ ಸಾಲು) ಡಮ್ಮಿ ಅಂತ ಕೊಡಿ ಸಾಕು.

ಅರಸೀಕೆರೆ_ಜಂಕ್ಷನ್

ಡಮ್ಮಿ ಕೊಡುವಾಗ ಬ್ಲಾಕ್‌ಸೈಜ್ ಕೂಡ ಕೊಡಿ. ಡಿಸಿಬಿಯಲ್ಲೂ ಇಲ್ಲ, ಜೆಸಿಎಲ್‌ನಲ್ಲೂ ಇಲ್ಲ ಅಂದರೆ ಓಪನ್‌ನಲ್ಲೇ 013-10 ಅಬೆಂಡ್, ಅಂದರೆ ಪ್ರೋಗ್ರಾಮ್ ಅರ್ಧಕ್ಕೇ ನಿಲ್ಲುತ್ತದೆ.

ಡಾಸ್_ಕಾಲದವ

ಇಒಡಿಎಡಿಯಲ್ಲಿ ನಾನು ಮಾಡುವ ರೀತಿ ಬೇರೆ. ಅಲ್ಲಿ ಒಂದು ಫ್ಲ್ಯಾಗ್ ಆನ್ ಮಾಡಿ ಬಿಆರ್ 14 (ರಿಜಿಸ್ಟರ್ 14ರಲ್ಲಿರುವ ಅಡ್ರೆಸ್ಸಿಗೆ ಹೋಗುವ ಆದೇಶ) ಕೊಡುತ್ತೇನೆ. ಗೆಟ್ ಮುಂದಿನ ಸಾಲಿಗೆ ವಾಪಸ್ ಬರುತ್ತದೆ. ಫ್ಲ್ಯಾಗ್ ನೋಡಿ ಲೂಪ್ ಮುಗಿಸುತ್ತೇನೆ. ಕೋಡ್ ಓದುವವರಿಗೆ ಸುಲಭ. ಇಒಡಿಎಡಿ ಒಂದು ಸಬ್‌ರೊಟೀನ್ ಅಂತಲೇ ತಿಳಿದುಕೊಂಡರೆ ಆಯಿತು.

ಕಾಫಿಕಣ

ಸಬ್‌ರೊಟೀನ್ ಅಲ್ಲ. ಐಬಿಎಂ ಮ್ಯಾನುಯಲ್ ಇದನ್ನು ಬಿಡಿಸಿ ಹೇಳಿದೆ: ಇಒಡಿಎಡಿ ಅನ್ನುವುದು ಗೆಟ್ ಮಾಡಿದ ರೊಟೀನಿನದೇ ಮುಂದುವರಿದ ಭಾಗ. ರಿಜಿಸ್ಟರ್ 14ರಲ್ಲಿ ಗೆಟ್ ಮುಂದಿನ ಅಡ್ರೆಸ್ ಇರುವುದು ನಿಜ, ಹಾಗಾಗಿ ಬಿಆರ್ 14 ಕೆಲಸ ಮಾಡುತ್ತದೆ. ಆದರೆ ವಾಪಸ್ ಬಂದ ಮೇಲೆ ಮೊದಲ ಕೆಲಸ ಫ್ಲ್ಯಾಗ್ ನೋಡುವುದೇ ಆಗಬೇಕು. ರಿಜಿಸ್ಟರ್ 1ರಲ್ಲಿ ರೆಕಾರ್ಡಿನ ಅಡ್ರೆಸ್ ಇರುವುದಿಲ್ಲ. ಅದನ್ನು 5ಕ್ಕೆ ಹಾಕಿಕೊಂಡು ಬಳಸಿದರೆ ಇನ್ನೊಂದು ಬಗ್.

ಡಾಸ್_ಕಾಲದವ

ಫ್ಲ್ಯಾಗ್ ಮೊದಲು ನೋಡುವುದು ನನ್ನ ಕ್ರಮದಲ್ಲಿ ಇದ್ದೇ ಇದೆ. ಆ ಹೆಸರಿನ ಬಗ್ಗೆ ನಿಮ್ಮ ಮಾತೇ ಸರಿ ಇರಲಿ.

ಅರಸೀಕೆರೆ_ಜಂಕ್ಷನ್

ಇಒಡಿಎಡಿ ಬರೆಯುವುದನ್ನೇ ಮರೆತರೆ ಫೈಲ್ ಮುಗಿದಾಗ 337 ಅಬೆಂಡ್. ಇಒಡಿಎಡಿ ಬಂದ ಮೇಲೂ ಮತ್ತೆ ಗೆಟ್ ಮಾಡಿದರೆ 001-5. ಎಂಟನೇ_ಸೆಮ್, ಇದನ್ನು ಬರೆದಿಟ್ಟುಕೋ, ಇಂಟರ್‌ವ್ಯೂನಲ್ಲಿ ಕೇಳುತ್ತಾರೆ.

ಎಂಟನೇ_ಸೆಮ್

ಬರೆದಿಟ್ಟುಕೊಂಡೆ ಅಣ್ಣ. 013-20 ಅಂದರೆ ಏನು? ಮೊದಲ ಸಲ ಓಡಿಸಿದಾಗ ಅದು ಬಂತು.

ಅರಸೀಕೆರೆ_ಜಂಕ್ಷನ್

ಎಫ್‌ಬಿ ಫೈಲಿನ ಬ್ಲಾಕ್‌ಸೈಜ್ ಎಲ್‌ರೆಕ್ಲ್‌ನ ಪೂರ್ಣ ಗುಣಕ ಆಗಿಲ್ಲ. 80ಕ್ಕೆ 800 ಸರಿ, 810 ತಪ್ಪು.

ಅಸೆಂಬ್ಲರ್_ಅಕ್ಕ

ಇದೇ ಸಾಲಿನಲ್ಲಿ ಇನ್ನೊಂದು. ಜೆಸಿಎಲ್‌ನಲ್ಲಿ ಡಿಡಿ ಬಿಟ್ಟುಹೋದರೆ ಓಪನ್ ಅಬೆಂಡ್ ಆಗುವುದಿಲ್ಲ. ಐಇಸಿ130ಐ ಅಂತ ಒಂದು ಮೆಸೇಜ್ ಬಂದು ಪ್ರೋಗ್ರಾಮ್ ಮುಂದೆ ಹೋಗುತ್ತದೆ. ಆಮೇಲೆ ಗೆಟ್‌ನಲ್ಲಿ ಎಸ್‌0ಸಿ1 ಅಬೆಂಡ್ ಬಂದು ಎಲ್ಲರೂ ಕೋಡ್ ಹುಡುಕುತ್ತಾ ಕೂರುತ್ತಾರೆ. ಓಪನ್ ಆದ ಮೇಲೆ ರಿಜಿಸ್ಟರ್ 15 ನೋಡಿ. ಇಲ್ಲವೇ ಡಿಸಿಬಿಯ ಓಪನ್ ಫ್ಲ್ಯಾಗನ್ನು ಟಿಎಂ (ಬಿಟ್ ಪರೀಕ್ಷಿಸುವ ಆದೇಶ) ಮಾಡಿ. ಎರಡು ಸಾಲಿನ ಕೆಲಸ.

ಬೇಲೂರು_ಬಸ್

ಇದನ್ನು ನಾನು ಪೂರ್ತಿ ಒಪ್ಪುತ್ತೇನೆ. ಇದನ್ನು ಮಾಡದ ಪ್ರೋಗ್ರಾಮುಗಳಿಂದ ರಾತ್ರಿ ನಿದ್ದೆ ಕೆಟ್ಟಿದೆ.

ಒಂದು ಪ್ರಶ್ನೆ. ನಮ್ಮಲ್ಲಿ ಹಳೆಯ ಪ್ರೋಗ್ರಾಮುಗಳನ್ನು 31 ಬಿಟ್‌ಗೆ ಬದಲಿಸಿ ಮೆಮೊರಿಯಲ್ಲಿ 16 ಎಂಬಿ ಗೆರೆಯ (24 ಬಿಟ್ ಅಡ್ರೆಸ್ಸಿನ ಮಿತಿ) ಮೇಲೆ ಹಾಕುವ ಮಾತು ನಡೆದಿದೆ. ಡಿಸಿಬಿ ಏನಾಗುತ್ತದೆ?

ಕಾಫಿಕಣ

ಡಿಸಿಬಿ ಗೆರೆಯ ಕೆಳಗೇ ಇರಬೇಕು. ಪ್ರೋಗ್ರಾಮ್ ಮೇಲಿದ್ದರೆ, ಕೆಳಗೆ ಸ್ಟೋರೇಜ್ ತೆಗೆದುಕೊಂಡು ಡಿಸಿಬಿಯನ್ನು ಅಲ್ಲಿಗೆ ಕಾಪಿ ಮಾಡಿ ಓಪನ್ ಮಾಡಬೇಕು. ಡಿಸಿಬಿಯೊಳಗೆ ಇಒಡಿಎಡಿ ಅಡ್ರೆಸ್‌ಗೆ ಇರುವುದು 3 ಬೈಟ್ ಮಾತ್ರ. ಗೆರೆಯ ಮೇಲಿನ ಅಡ್ರೆಸ್ ಅಲ್ಲಿ ಹಿಡಿಯುವುದಿಲ್ಲ. ಅದಕ್ಕೇ ಡಿಸಿಬಿಇ ಅಂತ ಇನ್ನೊಂದು ಬ್ಲಾಕ್ ಇದೆ. ಅದು ಗೆರೆಯ ಮೇಲೆ ಇರಬಹುದು, ಇಒಡಿಎಡಿಯನ್ನು ಅದರಲ್ಲಿ ಕೊಡಿ. ಅದರಲ್ಲೇ ಆರ್‌ಮೋಡ್31 ಬಫ್ ಅಂತ ಕೊಟ್ಟರೆ ಬಫರುಗಳೂ ಮೇಲೆ ಹೋಗುತ್ತವೆ. ಆಗ ಲೊಕೇಟ್ ಮೋಡ್‌ನಲ್ಲಿ ರಿಜಿಸ್ಟರ್ 1ರಲ್ಲಿ ಬರುವುದು 31 ಬಿಟ್ ಅಡ್ರೆಸ್. ಅಡ್ರೆಸ್ಸಿನ ಮೇಲಿನ ಬೈಟನ್ನು ಫ್ಲ್ಯಾಗ್ ಇಡಲು ಬಳಸಿದ ಹಳೆಯ ಕೋಡ್ ಇದ್ದರೆ ಅದನ್ನು ಮೊದಲು ಹುಡುಕಿ ತೆಗೆಯಿರಿ.

ಎಂಟನೇ_ಸೆಮ್

ಬಂತು! ಕಾಫಿಕಣ ಸರ್ ಹೇಳಿದ ಹಾಗೇ ಮಾಡಿದೆ. 11ನೇ ರೆಕಾರ್ಡ್ ಓದಿದಾಗ ಹಿಂದಿನದು 10 ಇರಬೇಕಿತ್ತು, 30 ಅಂತ ಬಂತು. ಎಸ್‌ಟೈಮರ್ ತೆಗೆದರೆ 10 ಅಂತ ಸರಿಯಾಗಿ ಬರುತ್ತದೆ. ರೂಮಿನವರನ್ನೆಲ್ಲ ಕರೆದು ತೋರಿಸಿದೆ.

ಕಾಫಿಕಣ

ಶಹಬ್ಬಾಸ್. 2 ಬಫರ್, ಬ್ಲಾಕಿಗೆ 10. ಅದಕ್ಕೇ ಸರಿಯಾಗಿ 20 ಮುಂದಿನದು.

ಹಾಸನದಿಂದ_ಲಾಗಿನ್

ನನ್ನದೂ ಪತ್ತೆಯಾಯಿತು. ನಿಂತುಹೋದ ಜಾಬುಗಳ ಡಂಪ್ ತೆಗೆದು ನೋಡಿದೆ. ಎಲ್ಲ ಕಡೆಯೂ ರಿಜಿಸ್ಟರ್ 5 ಬ್ಲಾಕಿನ ಮೊದಲ ರೆಕಾರ್ಡ್ ಮೇಲೆ ನಿಂತಿದೆ. ರಿಜಿಸ್ಟರ್ 4 ತೋರಿಸುವ ಅಕೌಂಟನ್ನು ಫೈಲಿನಲ್ಲಿ ಹುಡುಕಿದೆ. ಸರ್ ಹೇಳಿದ ಹಾಗೆ 1745 ರೆಕಾರ್ಡ್ ಮುಂದೆ ಸಿಕ್ಕಿತು.

ಗೆಟ್‌ಗೆ ಮೊದಲು 80 ಬೈಟ್ ಎಂವಿಸಿ ಹಾಕಿದೆ. ಇಒಡಿಎಡಿಯಲ್ಲೂ ಅದೇ ಏರಿಯಾ ಬಳಸುತ್ತೇನೆ. ‘ಮೊದಲ ರೆಕಾರ್ಡ್ ಬಂದಿದೆಯಾ’ ಅಂತ ಒಂದು ಫ್ಲ್ಯಾಗ್ ಸೇರಿಸಿದೆ. ಡಮ್ಮಿ ಕೊಟ್ಟಾಗ ಟೋಟಲ್ ಬರೆಯದೆ ಸರಿಯಾಗಿ ಮುಗಿಯಿತು. ಟೆಸ್ಟ್ ಫೈಲನ್ನು ಬೇರೆ ಮಾಡಿ ಬ್ಲಾಕ್‌ಸೈಜ್ 800 ಕೊಟ್ಟಿದ್ದೇನೆ. ಈಗ 200 ರೆಕಾರ್ಡಿನಲ್ಲೂ 19 ಸಲ ಗಡಿ ದಾಟುತ್ತದೆ.

ಲೊಕೇಟ್ ಮೋಡ್ ಹಾಗೇ ಇಟ್ಟಿದ್ದೇನೆ. ಬೇಲೂರು_ಬಸ್ ಅಣ್ಣನಿಗೂ ಸಮಾಧಾನ ಆಗಲಿ. ವಿಸ್ಯಾಮ್ ಹುಡುಕಾಟವನ್ನು ಅಕೌಂಟ್ ಬದಲಾದಾಗ ಮಾತ್ರ ಮಾಡುವ ಬದಲಾವಣೆ ಮುಂದಿನ ರಿಲೀಸ್‌ಗೆ ಕೇಳಿದ್ದೇನೆ.

ಬೇಲೂರು_ಬಸ್

ಬಫರ್ ಜಾಸ್ತಿ ಕೊಡುವುದು ಓದುವ ವೇಗಕ್ಕೆ ಒಳ್ಳೆಯದು ಅನ್ನುವುದನ್ನು ನಾನು ಈಗಲೂ ಬಿಡುವುದಿಲ್ಲ. ಈ ಬಗ್ಗಿಗೆ ಔಷಧಿ ಎಂವಿಸಿಯೇ, ಒಪ್ಪಿದೆ. ಚೆನ್ನಾಗಿ ಮಾಡಿದ್ದೀಯ ತಂಗಿ.

ಹಾಸನದಿಂದ_ಲಾಗಿನ್

ಥ್ಯಾಂಕ್ಸ್ ಅಣ್ಣ. ಕೊನೆಯದಾಗಿ ಒಂದು. ಇದೇ ಸಿಸ್ಟಮ್‌ನಲ್ಲಿ ಇನ್ನೊಂದು ಪ್ರೋಗ್ರಾಮ್ ಇದೇ ರೀತಿ ರಿಜಿಸ್ಟರ್ 4 ಇಟ್ಟುಕೊಂಡಿದೆ. ಆದರೆ ಅದರ ಫೈಲ್ ವಿಬಿ (ರೆಕಾರ್ಡುಗಳ ಉದ್ದ ಬೇರೆ ಬೇರೆ), ಎಲ್‌ರೆಕ್ಲ್ 604. ಅಲ್ಲಿ ಎಂವಿಸಿ ಸಾಕಾಗುವುದಿಲ್ಲ ಅಲ್ವಾ?

ಅಸೆಂಬ್ಲರ್_ಅಕ್ಕ

ಸಾಕಾಗುವುದಿಲ್ಲ. ವಿಬಿಯಲ್ಲಿ ರಿಜಿಸ್ಟರ್ 1 ತೋರಿಸುವುದು ಆರ್‌ಡಿಡಬ್ಲ್ಯೂ ಅನ್ನು. ಅದು 4 ಬೈಟ್. ಮೊದಲ 2 ಬೈಟಿನಲ್ಲಿ ರೆಕಾರ್ಡಿನ ಉದ್ದ ಇರುತ್ತದೆ, ಆ 4 ಬೈಟ್ ಕೂಡ ಸೇರಿಸಿ. ಅಂದರೆ 604ರಲ್ಲಿ ಡೇಟಾ 600ರವರೆಗೆ. ಉದ್ದವನ್ನು ಎಲ್‌ಎಚ್ ಮಾಡಿ ರಿಜಿಸ್ಟರಿಗೆ ತಂದುಕೊಂಡು, ದೊಡ್ಡ ಕಾಪಿಗೆ ಇರುವ ಎಂವಿಸಿಎಲ್ ಬಳಸಿ. ನಿಮ್ಮ ಏರಿಯಾ 604 ಬೈಟ್ ಇಟ್ಟು ಉಳಿದ ಜಾಗಕ್ಕೆ ಪ್ಯಾಡ್ ಅಕ್ಷರ ಸ್ಪೇಸ್, ಅಂದರೆ ಹೆಕ್ಸ್ 40 ಕೊಡಿ. ಇಲ್ಲವಾದರೆ ಚಿಕ್ಕ ರೆಕಾರ್ಡ್ ಬಂದಾಗ ಅದರ ಹಿಂದೆ ಹಳೆಯ ದೊಡ್ಡ ರೆಕಾರ್ಡಿನ ಬಾಲ ಉಳಿದಿರುತ್ತದೆ.

ಎಂವಿಸಿಎಲ್‌ಗೆ ಎರಡು ಜೋಡಿ ರಿಜಿಸ್ಟರ್ ಬೇಕು, ಪ್ರತಿ ಜೋಡಿ ಸಮ ಸಂಖ್ಯೆಯಿಂದ ಶುರುವಾಗಬೇಕು. ಆ ಪ್ರೋಗ್ರಾಮಿನಲ್ಲಿ ಯಾವ ರಿಜಿಸ್ಟರ್ ಖಾಲಿ ಇವೆ ಅಂತ ಮೊದಲು ನೋಡಿ ಹೇಳಿ, ಆಮೇಲೆ ಒಟ್ಟಿಗೆ ಕೂತು ಬರೆಯೋಣ.

ಹಾಸನದಿಂದ_ಲಾಗಿನ್

6ರಿಂದ 9 ಖಾಲಿ ಇವೆ ಅಕ್ಕ. 6, 7 ಒಂದು ಜೋಡಿ, 8, 9 ಇನ್ನೊಂದು. ಭಾನುವಾರ ಬೆಳಿಗ್ಗೆ ಆಗುತ್ತದಾ?

ಅಸೆಂಬ್ಲರ್_ಅಕ್ಕ

ಆಗುತ್ತದೆ. ಹನ್ನೊಂದಕ್ಕೆ ಬನ್ನಿ.